ಹುಣಸಿಹಣ್ಣು ಹಚ್ಚಿ ತಿಕ್ಕಿದ ಬಂದೂಕ

ಬಂದೂಕಿನ ಮ್ಯಾಲ ನಂಬರ ಇಲ್ಲ ಅಂದ್ರು. ಇಲ್ಲ, ಖರೆ. ತಿಕ್ಕಿದಾಕಿ ನಾನ. ನನಗಿಂತ ಮೊದಲ ನಮ್ಮತ್ತಿ ತಿಕ್ಕಿದ್ಲು. ಮಾನೌಮಿ ಬಂತು ಅಂದ್ರ ಮನ್ಯಾಗಿನ ಕುಡಗೋಲು, ಕೊಡ್ಲಿ, ಈಳಗಿ ಎಲ್ಲಾ ಅಂಗಳಕ್ಕ ತಂದು, ನೆನಸಿದ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿ, ತೊಳದು, ಎಣ್ಣಿ ಒರಸಿ, ಮಣಿ ಮ್ಯಾಲ ಸಾಲಾಗಿ ಇಟ್ಟು ಕುಂಕುಮ ಹಚ್ಚೂದು ನಮ್ಮ ಪದ್ಧತಿ. ಬಂದೂಕ ಮನಿಗಿ ಬಂದ ವರ್ಷ ಅದೂ ಆ ಸಾಲಿನಾಗ ಕುಂತಿತು. ಆಯುಧ ಅಂದ್ರ ಆಯುಧ. ಕುಡಗೋಲಿಗೊಂದು ನ್ಯಾಯ, ಬಂದೂಕಿಗೊಂದು ನ್ಯಾಯ ಅಂತ ಯಾವ ದೇವರೂ ಹೇಳಿಲ್ಲ.

ಇದನ್ನ ಗುನ್ನೆ ಅನ್ನೂ ಮಂದಿ ಅದಾರ. ಅವರಿಗಿ ನಾ ಹೇಳೂದು ಇಷ್ಟ: ಮೊದಲ ಪೂರಾ ಕೇಳ್ರಿ, ಆಮ್ಯಾಲ ಗುನ್ನೆ ಯಾರದು ಅಂತ ಹೇಳ್ರಿ.

ನನ್ನ ಗಂಡ ಫೌಜಿನಾಗ ಇದ್ದ. ಬಿಟ್ಟು ಬಂದ ಮ್ಯಾಲ ವಿಜಯಪುರದಾಗ ಒಂದು ಬ್ಯಾಂಕಿನ ಬಾಗಲಾಗ ಕುಂದ್ರೂ ನೌಕರಿ ಹಿಡದ. ಆ ನೌಕರಿಗಿ ಬಂದೂಕ ಬ್ಯಾಂಕಿನವರು ಕೊಡೂದಿಲ್ಲ, ಆಳು ಒದಗಿಸೂ ಏಜೆನ್ಸಿಯವರೂ ಕೊಡೂದಿಲ್ಲ. ಬಂದೂಕ ತಂದು, ಲೈಸನ್ಸು ತನ್ನ ಹೆಸರಿಂದು, ಎರಡೂ ಇದ್ದಾಂವಗ ಗನ್‌ಮ್ಯಾನ್ ಅಂತಾರ. ಇಲ್ಲದಾಂವ ವಾಚಮನ್. ಕುರ್ಚಿ ಒಂದ, ಬಾಗಲ ಒಂದ, ಬಿಸಲು ಒಂದ. ಪಗಾರ ಬ್ಯಾರೆ, ಮರ್ಯಾದಿ ಬ್ಯಾರೆ. ಗನ್‌ಮ್ಯಾನ್‌ಗ ಮ್ಯಾನೇಜರ್ ಸುದ್ದಾ ನಮಸ್ಕಾರ ಅಂತಾನ. ವಾಚಮನ್‌ಗ ಚಹಾ ತರಾಕ ಕಳಸ್ತಾನ.

ಅದಕ್ಕಂತ ನನ್ನ ಗಂಡ ಊರಾಗಿನ ಒಬ್ಬ ಮುದಿ ವಕೀಲರ ಕಡಿಂದ ಇಂಗ್ಲೆಂಡಿನ ಜೋಡ ನಳಿಗಿ ಬಂದೂಕ ತಗೊಂಡ. ಹೊರದೇಶದ ಬಂದೂಕ ತರೂದು ಸರಕಾರದವರು ಬಂದ್ ಮಾಡಿ ಆಗಲೇ ಒಂದಿಷ್ಟು ವರ್ಷ ಆಗಿದ್ವು. ಅದಕ್ಕ ಇದ್ದದ್ದಕ್ಕ ಚಿನ್ನದ ಬೆಲಿ. ನಮ್ಮ ದೇಶದ್ದು ತಗೋಬಾರದೇನು ಅಂದೆ. ‘ನಮ್ಮ ದೇಶದ್ದು ಹೊತ್ಕೊಂಡ್ರ ಹೆಗಲು ಬೀಳತೈತಿ, ಹಾರಿಸಿದ್ರ ಖಾಲಿ ಕಾಡತೂಸ ಒಳಗ ಸಿಕ್ಕೊಂಡು ಹೊರಗ ಬರೂದಿಲ್ಲ. ಕಳ್ಳ ಬಂದಾಗ ನಾ ಕಡ್ಡಿ ಹಾಕಿ ಕೆದರ್ಕೋಂತ ಕುಂದ್ರಲೇನು?’ ಅಂದ. ಆಂವ ಬದುಕಿರೂತನಕ ಅದರಿಂದ ಒಂದು ಗುಂಡೂ ಕಳ್ಳನ ಮ್ಯಾಲ ಹಾರಲಿಲ್ಲ, ಆ ಮಾತು ಬ್ಯಾರೆ. ಬಾಗಲಾಗ ಬಂದೂಕ ಕಂಡ್ರ ಕಳ್ಳ ಮುಂದಿನ ಬ್ಯಾಂಕಿಗಿ ಹೋಗತಾನ. ಅದ ಅದರ ಕೆಲಸ.

ಆಂವ ಸತ್ತ. ಮಣ್ಣು ಕೊಟ್ಟು ಬಂದು ಕೈಕಾಲು ತೊಳದಿದ್ದಿಲ್ಲ, ಲೈಸನ್ಸಿನ ಧಣಿ ಇಲ್ಲಂದ ಮ್ಯಾಲ ಬಂದೂಕ ಠಾಣೆಗಿ ಜಮಾ ಮಾಡ್ರಿ ಅಂತ ಪೊಲೀಸನವ ಬಂದು ನಿಂತ. ಕೊಟ್ವಿ. ನನ್ನ ಮಗಳು ಗಂಡನ ಮನಿ ಬಿಟ್ಟು ಬಂದಾಕಿ ನನ್ನ ಕೂಡ ಇಬ್ರಾಹಿಂಪುರದಾಗ ಇದ್ಲು. ಅಪ್ಪನ ಬಂದೂಕ ನಾ ಹಿಡೀತೀನಿ ಅಂದ್ಲು. ಏಜೆನ್ಸಿಯವ ನಕ್ಕ. ಅಕಿ ಹೋಗಿ ಗುಂಡು ಹೊಡಿಯೂದು ಕಲತು ಬಂದು ಚೀಟಿ ತೋರಿಸಿದ ಮ್ಯಾಲ ನಗೂದು ನಿಲ್ಲಿಸಿದ. ಆದ್ರ ಲೈಸನ್ಸು ಅಕಿ ಹೆಸರಿಗಿ ಬರೂದ್ರಾಗ ಎರಡು ಮಳಿಗಾಲ ಹೋದ್ವು. ಅಷ್ಟೂ ದಿನ ಬಂದೂಕ ಠಾಣೆಯ ಸೋರೂ ಖೋಲ್ಯಾಗ ಗ್ವಾಡಿಗಿ ಆನಿಸಿಕೊಂಡು ನಿಂತಿತ್ತು. ಕೈಗಿ ಕೊಟ್ಟಾಗ ನೋಡಿದ್ರ ಬಾವ್ಯಾಗಿನ ಗಡಗಡಿ ಹಂಗ ಕೆಂಪಗಾಗಿತ್ತು.

‘ಇದೇನ್ರಿ ಇದು?’ ಅಂದೆ.

‘ತುಕ್ಕು ಬೇ, ತುಕ್ಕು. ಕಬ್ಬಿಣಕ್ಕ ತುಕ್ಕು ಹಿಡೀದ ಬಂಗಾರ ಹಿಡೀತೈತೇನು?’ ಅಂದ ಠಾಣೆಯಂವ. ‘ಮನಿಗಿ ಒಯ್ದು ತಿಕ್ಕು.’

ತಿಕ್ಕಿದೆ. ಪೊಲೀಸನವನ ಮಾತು ಕೇಳಿ ತಿಕ್ಕಿದೆ. ಆ ವರ್ಷ ಮಾನೌಮಿಗಿ ಇಟ್ಟಂಗಿ ಪುಡಿ ದೀಡ ಪಟ್ಟು ಹಾಕಿ, ಬೆವರು ಇಳಿಯೂಹಂಗ ತಿಕ್ಕಿದೆ. ಬೆಳ್ಳಿ ಚೊಂಬಿನ ಹಂಗ ಹೊಳೀತು. ಆಮ್ಯಾಲ ವರ್ಷಾ ವರ್ಷಾ ಹಂಗ ಇಟ್ಟೆ. ಕನ್ನಡಿ ಬ್ಯಾಡಾಗಿತ್ತು, ನನ್ನ ಮಗಳು ಅದರಾಗ ಮಾರಿ ನೋಡಿಕೊಂಡು ಕುಂಕುಮ ಹಚ್ಕೋತಿದ್ಲು.

ಅಕಿ ನೌಕರಿ ಬಬಲೇಶ್ವರದ ಬ್ಯಾಂಕಿನಾಗ. ಮುಂಜಾನೆ ಖಾಕಿ ಡ್ರೆಸ್ ಹಾಕ್ಕೊಂಡು, ಬಂದೂಕ ಬಟ್ಟಿ ಚೀಲದಾಗ ಹಾಕಿ ಬಸ್ಸಿನಾಗ ಹೋಗೂದು. ಮೊದಮೊದಲ ಬಸ್ಸಿನ ಮಂದಿ ಚಾಷ್ಟಿ ಮಾಡತಿದ್ರು. ‘ಅಕ್ಕಾರ, ಕಂಡಕ್ಟರ್‌ನ ಕಡೆ ನಳಿಗಿ ಹಿಡೀರಿ, ಚಿಲ್ಲರ ಬಾಕಿ ಉಳಿಸಿಕೊಂಡಾನ’ ಅಂತ ಒಬ್ಬ. ‘ಗಂಡನ ಮನಿಗಿ ಹೋಗೂಮುಂದ ಇದು ಇದ್ದಿದ್ರ ಚೊಲೋ ಇರತಿತ್ತು’ ಅಂತ ಇನ್ನೊಬ್ಬಾಕಿ. ಮಗಳು ಚೀಲ ತೊಡಿಗಿ ಆನಿಸಿಕೊಂಡು ನಿಂದರತಿದ್ಲು. ಬರಬರತ ಅಕಿ ಹತ್ತಿದ್ರ ಗಂಡಸರು ಎದ್ದು ಜಾಗಾ ಬಿಡಾಕ ಶುರು ಮಾಡಿದ್ರು. ಅಕಿಗಿ ಬಿಟ್ಟದ್ದಲ್ಲ ಅದು, ಚೀಲಕ್ಕ ಬಿಟ್ಟದ್ದು. ನನಗ ಗೊತ್ತೈತಿ. ಅಕಿಗೂ ಗೊತ್ತಿತ್ತು. ಆದ್ರ ಕುಂತು ಹೋಗೂದು ಅಕಿಗಿ ಸಿಕ್ಕಿತ್ತು. ಅದಕ್ಕಿಂತ ಮೊದಲ ಎಲ್ಲಿ ಹೋದ್ರೂ ನಿಂತಾಕಿ ಅಕಿ.

ಹೋದ ವರ್ಷ ಲೈಸನ್ಸು ಹೊಸದು ಮಾಡಸೂ ಸರತಿ ಬಂತು. ವಿಜಯಪುರದ ಪೊಲೀಸ ಕಚೇರ್ಯಾಗ ಬಂದೂಕ ಪರೀಕ್ಷಾ ಮಾಡಿಸಿಕೊಂಡು ಬರ್ರಿ ಅಂದ್ರು. ಬನ್ನಿ ಹಬ್ಬ ಮುಗದಿತ್ತು ಅಷ್ಟ, ಬಂದೂಕಿನ ಮ್ಯಾಲ ಕುಂಕುಮ ಇನ್ನಾ ಹಸೀ ಇತ್ತು. ನಾನೂ ಹೋದೆ. ಅಲ್ಲಿ ಇದ್ದ ಸಾಹೇಬ ಹೊಸಾಂವ, ಹರೇದಾಂವ. ಮೊದಲಿನವರು ಲೈಸನ್ಸು ನೋಡಿ, ಬಂದೂಕ ಎತ್ತಿ ಇಳಿಸಿ, ಸಿಕ್ಕಾ ಹೊಡದು ಕಳಸ್ತಿದ್ರು. ಇಂವ ಮೊಬೈಲ್ ಬ್ಯಾಟರಿ ಬೆಳಕು ಹಾಕ್ಕೊಂಡು ಕುಂತ.

‘ನಂಬರ್ ಎಲ್ಲಿ ಐತಮ್ಮಾ?’ ಅಂತ ಮಗಳಿಗಿ ಕೇಳಿದ.

‘ಅಲ್ಲೇರಿ ಸರ್, ಬೆರಳಿಡೂ ಜಾಗದ ಹತ್ರ.’

‘ಇಲ್ಲಿ ನನ್ನ ಮಾರಿ ಕಾಣಸಾಕತ್ತೈತಿ. ನಂಬರ್ ಕಾಣಸವಲ್ದು.’

ಇಂಗ್ಲೆಂಡಿನವರು ನಂಬರ ದಪ್ಪಗ ಹೊಡದಿರಲಿಲ್ಲ. ಉಗುರಿನಿಂದ ಗೀಚಿದಂಗ ಸಣ್ಣಗ, ಹೂಬಳ್ಳಿ ನಡುವ ಕೆತ್ತಿದ್ರು. ಹೂನೂ ಹೋಗಿತ್ತು, ಬಳ್ಳಿನೂ ಹೋಗಿತ್ತು, ನಂಬರನೂ ಹೋಗಿತ್ತು.

‘ಯಾರು ಅಳಿಸಿದ್ರು ಇದನ್ನ?’

‘ಅಳಿಸಿಲ್ರಿ, ತಿಕ್ಕೀನಿ’ ಅಂದೆ. ‘ಮಾನೌಮಿಗಿ.’

ಆಂವ ನನ್ನ ಮಾರಿ ನೋಡಿದ. ‘ಬಂದೂಕ ಏನು ಪಾತೇಲಿ ಮಾಡೀಯೇನ ಬೇ? ನಂಬರ್ ಅಳಿಸೂದು ಗುನ್ನೆ ಐತಿ, ಗೊತ್ತೇನು?’

‘ನಿಮ್ಮ ಠಾಣೆಯಂವ ತಿಕ್ಕು ಅಂದಾನ್ರಿ. ತುಕ್ಕು ಹಿಡಿಸಿ ಕೊಟ್ಟು ತಿಕ್ಕು ಅಂದಾನ. ಅಂವನ್ನ ಕರೀರಿ.’

ಆಂವ ಕರೀಲಿಲ್ಲ. ಬಂದೂಕಿನ ನಡಾ ಮುರದಂಗ ಬಗ್ಗಿಸಿ ನಳಿಗಿ ಬಿಚ್ಚಿ ತಿರುವಿ ನೋಡಿದ. ನಳಿಗಿಯ ಕೆಳಗ, ಕೈಯಾಡದ ಜಾಗದಾಗ, ಒಂದು ನಂಬರ ಇತ್ತು. ನಮ್ಮ ಮಗಳ ಮಾರಿ ಅರಳಿತು. ಸಾಹೇಬ ಲೈಸನ್ಸು ತಗದು ಅದಕ್ಕ ಹೋಲಿಸಿ ನೋಡಿದ. ಮತ್ತ ನೋಡಿದ. ‘ಇದು ಬ್ಯಾರೆ ನಂಬರ್’ ಅಂದ.

ನನಗ ಆವಾಗ ನೆನಪಾತು. ಬಾಳ ಹಿಂದ, ನನ್ನ ಗಂಡ ಇದ್ದಾಗಲೇ, ನಳಿಗ್ಯಾಗ ಕೆಸರು ಹೊಕ್ಕದ್ದು ಗೊತ್ತಿಲ್ದ ಹಾರಿಸಿ ನಳಿಗಿ ಉಬ್ಬಿತ್ತು. ಟಿಕೋಟಾದ ಬಂದೂಕ ರಿಪೇರಿ ಅಂಗಡಿಯಂವ ಬ್ಯಾರೆ ನಳಿಗಿ ಹಾಕಿ ಕೊಟ್ಟಿದ್ದ. ಅಂದ್ರ ಈಗ ಕಥಿ ಏನಾತು? ಮೈಯಾಗ ನಂಬರ ಇಲ್ಲ, ನಾ ತಿಕ್ಕೀನಿ. ನಳಿಗ್ಯಾಗ ನಂಬರ ಐತಿ, ಅದು ನಮ್ಮದಲ್ಲ.

ಸಾಹೇಬ ಕುರ್ಚಿಗಿ ಆತುಕೊಂಡು ಸಣ್ಣ ಸಾಲಿ ಮಕ್ಕಳಿಗಿ ಹೇಳಿದಂಗ ಹೇಳಾಕ ಶುರು ಮಾಡಿದ. ‘ನೋಡವ್ವಾ, ಇದು ಹೊರದೇಶದ ಮಾಲು. ಹೊರಗಿಂದ ತರೂದು ಯಾವಾಗೋ ಬಂದ್ ಆಗೈತಿ. ಇದು ಬಂದ್ ಆಗೂಕ್ಕಿಂತ ಮೊದಲ ಬಂದದ್ದೋ, ಆಮ್ಯಾಲ ಕಳ್ಳ ದಾರಿಲೇ ಬಂದದ್ದೋ ನಾ ಹೆಂಗ ತಿಳಕೊಳ್ಳಲಿ? ನಂಬರ್ ಇದ್ರ ತಿಳೀತೈತಿ. ನಂಬರ್ ಇಲ್ಲಂದ್ರ ಇದು ಕಳ್ಳ ಬಂದೂಕು.’

‘ಬಂದ್ ಯಾಕ ಮಾಡ್ಯಾರ್ರಿ?’

‘ಮಿಲಿಟ್ರಿ ಥರದ ಹತಿಯಾರ ಮಂದಿ ಕೈಗಿ ಹೋಗಬಾರದಂತ.’

ನನಗ ತಲಿ ಕೆಟ್ಟಿತು. ಈಗ ಬರೀಬೇಕಾದ್ರೂ ಕೆಡತೈತಿ. ಮಿಲಿಟ್ರಿ ಹತಿಯಾರ ನನ್ನ ಗಂಡ ಮಿಲಿಟ್ರಿಯಾಗ ಹಿಡದಿದ್ದ. ಒಂದ ಸಲ ಒತ್ತಿದ್ರ ಹುರದ ಜ್ವಾಳದಂಗ ಸಿಡಿಯೂವು ಅವು ಅಂತ ಹೇಳತಿದ್ದ. ಇದು? ಎರಡು ಕಾಡತೂಸ ಹಾಕು, ಎರಡು ಹಾರಿಸು, ನಡಾ ಮುರಿ, ಖಾಲಿವು ತಗಿ, ಮತ್ತ ಎರಡು ಹಾಕು. ಅಷ್ಟ್ರಾಗ ಕಳ್ಳ ಊಟಾ ಮಾಡಿ ಕೈ ತೊಳಕೊಂಡು ಹೋಗತಾನ. ಯಾವ ದೇಶದ ಮಿಲಿಟ್ರಿ ಇದನ್ನ ತಗೊಂಡು ಯುದ್ಧಕ್ಕ ಹೋಗೈತಿ ಹೇಳ್ರಿ ಅಂದೆ. ‘ನಾ ಹೇಳೂದಲ್ಲಮ್ಮಾ, ಕಾಯ್ದೆ’ ಅಂದ.

ಕಾಯ್ದೆ. ಮಿಲಿಟ್ರಿ ಹತಿಯಾರ ಬರಬಾರದಂತ ಬಾಗಲ ಹಾಕ್ರಿ, ಯಾರು ಬ್ಯಾಡ ಅಂದಾರ? ಬರಲೇಬಾರದು ಅವು. ಆದ್ರ ಅದ ಬಾಗಲಾಗ ನಮ್ಮ ಹಳೀ ಬಂದೂಕಿನ ನಳಿಗಿ, ಸ್ಪ್ರಿಂಗು, ಸೂಜಿ ಎಲ್ಲಾ ತಡದು ನಿಲ್ಲಿಸ್ಯಾರ. ಬಿಡಿ ಸಾಮಾನು ಬರವಲ್ದು, ಬಂದೂಕ ಮುರದ್ರ ರಿಪೇರಿ ಇಲ್ಲ, ಬ್ಯಾರೆದ್ದರ ಸಾಮಾನು ಹಾಕಿ ರಿಪೇರಿ ಮಾಡಿಸಿದ್ರ ಕಳ್ಳ. ಆ ಕಡೆ ನೋಡಿದ್ರ, ನಾಡ ಪಿಸ್ತೂಲು ಸೊಂಟದಾಗ ಸಿಗಿಸಿಕೊಂಡು ಹುಟ್ಟಿದ ಹಬ್ಬಕ್ಕ ಕೇಕ್ ಮುಂದ ಫೋಟೋ ತಗಸಿಕೊಳ್ಳೂ ಹುಡುಗರು ಮೊಬೈಲ್‌ನಾಗ ಕಾಣಸ್ತಾರ. ಅವಕ್ಕ ಯಾವ ದೇಶದ ನಂಬರ ಐತಿ? ಅಂಥಾಂವ ಲೈಸನ್ಸು ಹೊಸದು ಮಾಡಸಾಕ ಬರೂದಿಲ್ಲ, ಅದಕ್ಕ ಅಂವಗ ನಂಬರ ಕೇಳೂದಿಲ್ಲ. ಸರತಿ ಹಚ್ಚಿ ನಿಂತಾಕಿಗಿ ಕೇಳತಾರ.

ನಳಿಗಿ ಯಾವಾಗೋ ಬದಲ ಆಗೈತಿ ಅಂತ ಹೇಳಿದೆ, ಮಾಡಿದಾಂವ ಯಾರಂತ ಹೇಳಲಿಲ್ಲ. ಬಂದೂಕ ಅಲ್ಲೇ ಇಟ್ಟುಕೊಂಡ್ರು. ನಳಿಗಿ ಬದಲ ಮಾಡಿದಾಂವ ಬಂದು ಬಾಯಿಬಿಟ್ಟು ಹೇಳಿದ್ರ ವಿಚಾರ ಮಾಡೂಣು, ದೀಪಾವಳಿ ಒಳಗ ಕರಕೊಂಡು ಬಾ ಅಂದ ಸಾಹೇಬ. ಏಜೆನ್ಸಿಯವ ಅದಕ್ಕಿಂತ ಮುಂದ ಹೋದ. ‘ದೀಪಾವಳಿತನಕ ಬಡಿಗಿ ಹಿಡಕೊಂಡು ಕುಂದ್ರು. ಅಷ್ಟ್ರಾಗ ಬಂದೂಕ ಬಂದ್ರ ಚೊಲೋ, ಇಲ್ಲಂದ್ರ ನಾ ಬಂದೂಕ ಇದ್ದಾಂವನ್ನ ನೋಡಬೇಕಾಗತೈತಿ ತಂಗಿ’ ಅಂತ ಮಗಳಿಗಿ ಫೋನ್ ಮಾಡಿ ಹೇಳಿದ. ತಂಗಿ ಅಂದು ಕುತಿಗಿ ಕೊಯ್ಯೂದು ಇವರಿಂದ ಕಲೀಬೇಕು.

ಮಗಳು ರಜಾ ಹಾಕೂಹಂಗ ಇರಲಿಲ್ಲ. ಟಿಕೋಟಾಕ್ಕ ನಾನ ಹೋದೆ.

ರಿಪೇರಿ ಅಂಗಡಿಯಂವ ಮುಸಲರಾಂವ, ನನಗಿಂತ ಹಿರಿಯ. ಅಂಗಡಿ ಮುಂದಿನ ಬೋರ್ಡಿನ ಮ್ಯಾಲ ಇನ್ನಾ ಎರಡು ಬಂದೂಕಿನ ಚಿತ್ರ ಇತ್ತು. ಒಳಗ ನೋಡಿದ್ರ ಬಂದೂಕ ಒಂದೂ ಇಲ್ಲ. ದ್ರಾಕ್ಷಿ ತ್ವಾಟಕ್ಕ ಔಷಧ ಹೊಡಿಯೂ ಪಂಪು ಕಾಲು ಚಾಚಿ ಬಿದ್ದಿದ್ವು. ಆಂವ ಒಂದು ಪಂಪಿನ ಬಾಯಾಗ ಊದಾಕತ್ತಿದ್ದ.

‘ಫೌಜಿ ಮನ್ಯಾಕಿ ನೀ’ ಅಂದ ನನ್ನ ನೋಡಿ. ‘ಫೌಜಿ ಹೆಂಗದಾನ?’

‘ಸತ್ತಾನ.’

‘ಅರೆ! ಯಾವಾಗ?’

‘ಬಾಳ ದಿನ ಆತು. ನೀ ಅವತ್ತು ಮಣ್ಣಿಗಿ ಬಂದಿದ್ದಿ ಅಣ್ಣಾ.’

‘ಬಂದಿದ್ನ್ಯಾ?’ ನೆನಸಿಕೊಂಡು ‘ಹೌದು, ಮಳಿ ಇತ್ತು’ ಅಂದ. ಮಳಿ ಇರಲಿಲ್ಲ. ಇಂವನ ಬಾಯಿಂದ ನನಗ ಸಾಕ್ಷಿ ಬೇಕಿತ್ತು, ನೋಡ್ರಿ ನನ್ನ ನಶೀಬ.

ಆದ್ರ ಬಂದೂಕಿನ ಮಾತು ತಗದ ಮ್ಯಾಲ ಅಂವನ ನೆನಪು ನೆಟ್ಟಗ ನಿಂತಿತು. ಕನಮಡಿ ಕಡೆ ಒಬ್ಬ ಧಣಿಯ ಮನ್ಯಾಗ ಇದ ಕಂಪನಿಯ ಬಂದೂಕ ಇತ್ತಂತ. ಅದರ ಕಟ್ಟಿಗಿ ಹಿಡಕಿ ಗೆದ್ದಲು ತಿಂದು, ಒಳಗಿನ ಯಂತ್ರ ಮುರದು, ಗುಜರಿಗಿ ಹಾಕೂಹಂಗ ಆಗಿತ್ತಂತ. ನಳಿಗಿ ಮಾತ್ರ ಚೊಲೋ ಇದ್ವು. ಅದನ್ನ ತಂದು ಫೌಜಿ ಬಂದೂಕಿಗಿ ಕೂಡಿಸಿದೆ ಅಂದ. ‘ಹೊರಗಿಂದ ಒಂದು ಮೊಳಿನೂ ಬರತಿದ್ದಿಲ್ಲ ಅಕ್ಕಾ. ಸತ್ತ ಬಂದೂಕಿನ ಕೈಕಾಲು ತಗದು ಬದುಕಿದ್ದಕ್ಕ ಹಚ್ಚೂದು, ಅದ ನನ್ನ ಕಸಬಾಗಿತ್ತು. ಬರಬರತ ಸತ್ತವೂ ಸಿಗದಂಗ ಆದ್ವು. ಈಗ ಪಂಪು ಊದಾಕತ್ತೀನಿ.’

‘ಅದನ್ನ ಬಂದು ಸಾಹೇಬರ ಮುಂದ ಹೇಳು.’

ಆಂವ ಪಂಪು ಕೆಳಗಿಟ್ಟ. ‘ಬರೂದಿಲ್ಲ.’

‘ಯಾಕ?’

‘ನಳಿಗಿ ಬದಲ ಮಾಡಬೇಕಾದ್ರ ಮ್ಯಾಲಿಂದ ಪರವಾನಗಿ ತಗೋಬೇಕು. ಫೌಜಿ ತಗೋಳಲಿಲ್ಲ, ನಾ ಕೇಳಲಿಲ್ಲ. ಇಬ್ಬರೂ ಅವಸರದಾಗ ಇದ್ವಿ, ಅಂವನ ನೌಕರಿ ಹೋಗತಿತ್ತು. ಈಗ ನಾ ಬಂದು ಹೌದು ಅಂದ್ರ ನಿನ್ನ ಬಂದೂಕ ಉಳೀತೈತೋ ಇಲ್ಲೋ, ನಾ ಮಾತ್ರ ಒಳಗ. ಈ ವಯಸ್ಸಿನಾಗ ನನ್ನ ಹಲ್ಲಿಗಿ ಜೇಲಿನ ರೊಟ್ಟಿ ಆಗೂದಿಲ್ಲ.’

ನಾ ಬಿಡಲಿಲ್ಲ. ಕುಂತೆ. ಅಂವನ ಅಂಗಡಿ ಕಟ್ಟಿ ಮ್ಯಾಲ, ಪಂಪು ಕೊಡಾಕ ಬಂದ ಬಿಜ್ಜರಗಿ ರೈತರ ಮುಂದ, ಇಂವ ನನ್ನ ಗಂಡನ ಬಂದೂಕಿಗಿ ಕಳ್ಳ ನಳಿಗಿ ಹಾಕ್ಯಾನ ಅಂತ ಕೂಗಿದೆ. ಒಬ್ಬ ರೈತ ಪಂಪು ಎತ್ತಿಕೊಂಡು ‘ಚಾಚಾ, ನಮ್ಮದಕ್ಕ ಯಾರ ನಳಿಗಿ ಹಾಕಿದ್ದಿ?’ ಅಂದ. ಎಲ್ಲಾರೂ ನಕ್ರು. ಮುದುಕ ನಗಲಿಲ್ಲ. ಒಳಗ ಹೋಗಿ ಚಹಾ ತಂದು ನನ್ನ ಮುಂದ ಕುಕ್ಕಿದ. ‘ಕುಡಿ. ಕುಡದು ಬೈಯ್. ಒಣಾ ಗಂಟಲಾಗ ಯಾಕ ಒದರತಿ?’ ಕುಡದು ಮತ್ತ ಬೈದೆ. ಗಂಡಿಲ್ಲದ ಹೆಣ್ಣಮಗಳು ಬಡಿಗಿ ಹಿಡಕೊಂಡು ಕುಂತಾಳ ಅಂದೆ. ಆಂವ ಖಾಲಿ ಕಪ್ಪು ಎತ್ತಿಕೊಂಡ. ಬಸ್ಸಿಗಿ ಏಳೂಮುಂದ, ‘ಬುಧವಾರ ಬರತೀನಿ, ಬಸ್‌ಸ್ಟ್ಯಾಂಡಿನಾಗ ನಿಂದ್ರು’ ಅಂದ.

ಬಂದ. ತೊಳದ ಅಂಗಿ ಹಾಕ್ಕೊಂಡು, ಟೊಪ್ಪಿಗಿ ಇಟ್ಟುಕೊಂಡು, ಮದವಿಗಿ ಬಂದಂಗ ಬಂದ. ಮಗಳೂ ಅರ್ಧಾ ದಿನ ರಜಾ ಹಾಕಿ ಬಂದಿದ್ಲು. ಮೂರೂ ಮಂದಿ ಹೋಗಿ ಸಾಹೇಬನ ಮುಂದ ನಿಂತ್ವಿ. ಮೇಜಿನ ಮ್ಯಾಲ ನಮ್ಮ ಬಂದೂಕ ಇತ್ತು. ಕುತಿಗಿಗಿ ಒಂದು ಚೀಟಿ ಕಟ್ಟಿದ್ರು, ದವಾಖಾನ್ಯಾಗಿನ ಹೆಣದ ಕಾಲಿಗಿ ಕಟ್ಟಿದಂಗ.

‘ನಳಿಗಿ ಬದಲ ಮಾಡಿದಾಂವ ನೀನ ಏನು?’ ಅಂದ ಸಾಹೇಬ.

ಮುದುಕ ಬಾಯಿ ತಗಿಯೂಕಿಂತ ಮೊದಲ ಬಾಜೂಕ ಕುಂತ ಕಾರಕೂನ ಬಗ್ಗಿ ಹೇಳಿದ, ‘ಸರ್, ಪರವಾನಗಿ ಇಲ್ದ ಬದಲ ಮಾಡಿದ್ರ ಇಂವನ ಮ್ಯಾಲೂ ಕೇಸ್ ಆಗತೈತಿ.’

‘ಆಗತೈತಿ’ ಅಂದ ಸಾಹೇಬ. ‘ಆಗಲಿ. ಇಂವ ಹೌದು ಅಂದ್ರ ಬಂದೂಕಿನ ದಾರಿ ಆದ್ರೂ ಸಿಗತೈತಿ. ಹೇಳಪಾ.’

ಮುದುಕನ ಕೈ ನೋಡಿದೆ. ಆಯುಷ್ಯ ಎಲ್ಲಾ ಸ್ಪ್ರಿಂಗು ಮೊಳಿ ಹಿಡದ ಕೈ. ಟೊಪ್ಪಿಗಿ ತಗದ, ಮತ್ತ ಹಾಕ್ಕೊಂಡ. ‘ಸಾಹೇಬ್ರ...’ ಅಂದ.

ಹೇಳತಿದ್ದ ಆಂವ. ಹೇಳಾಕ ಬಂದಿದ್ದ. ನನಗೂ ಅದ ಬೇಕಿತ್ತು, ಅದಕ್ಕಂತ ನಾ ಟಿಕೋಟಾದಾಗ ಬಾಯಿ ಹರಕೊಂಡಿದ್ದೆ. ಆದ್ರ ಮೇಜಿನ ಆ ಕಡೆ ಕುಂತ ಹರೇದಾಂವ ಪೆನ್ನಿನ ಟೊಪ್ಪಿಗಿ ಬಿಚ್ಚಿ ತಯಾರಾಗಿದ್ದು ನೋಡಿ ನನಗ ಸಿಟ್ಟು ನೆತ್ತಿಗಿ ಹತ್ತಿತು. ಇವರಿಗಿ ಒಬ್ಬಾಂವ ಬೇಕು. ಬಂದೂಕ ತಂದು ಮಾರಿದಾಂವ ಸತ್ತಾನ, ತಗೊಂಡಾಂವ ಸತ್ತಾನ, ಕಾಯ್ದೆ ಮಾಡಿದವರು ದಿಲ್ಲ್ಯಾಗ ಅದಾರ, ತುಕ್ಕು ಹಿಡಿಸಿದಾಂವ ಇದ ಇಲಾಖೆಯಂವ. ಕೈಗಿ ಸಿಕ್ಕಾಂವ ಒಬ್ಬ ಇಂವ, ಪಂಪು ಊದೂ ಮುದುಕ.

‘ಇಂವ ಅಲ್ರಿ’ ಅಂದೆ.

ಮಗಳು ನನ್ನ ಸೆರಗು ಜಗ್ಗಿದ್ಲು.

‘ಇಂವ ಅಲ್ಲ?’

‘ಇಂವ ನಮ್ಮ ಊರ ಕಡೆ ಪಂಪು ರಿಪೇರಿ ಮಾಡಾಂವ. ನನ್ನ ಜೋಡಿ ಬಂದಾನ, ನನಗ ದಾರಿ ಗೊತ್ತಾಗೂದಿಲ್ಲಂತ. ನಳಿಗಿ ಬದಲ ಮಾಡಿದಾಂವ ನನ್ನ ಗಂಡ. ಫೌಜಿನಾಗ ಕಲತಿದ್ದ. ಸತ್ತಾನ. ಎಲ್ಲಿ ಮಣ್ಣು ಕೊಟ್ಟೀವಿ ತೋರಸ್ತೀನಿ, ಹೋಗಿ ಹಿಡಕೊಂಡು ಬರ್ರಿ.’

‘ಬೇ, ನೀ ಏನು ಮಾತಾಡಾಕತ್ತೀ ಗೊತ್ತೈತೇನು? ಇಂವ ಹೇಳದಿದ್ರ ನಿಮ್ಮ ಬಂದೂಕ ಉಳಿಯೂದಿಲ್ಲ.’

‘ಗೊತ್ತೈತಿ. ನನಗ ಕಿವಿ ಕೇಳಸ್ತಾವ.’

ಮುದುಕ ಏನೋ ಅನ್ನಾಕ ಹೋದ. ‘ನೀ ಸುಮ್ಮ ಕುಂದ್ರೋ ಅಣ್ಣಾ, ಪಂಪಿನ ಮಾತಲ್ಲ ಇದು’ ಅಂದೆ. ಆಂವ ಕುಂತ.

ಸಾಹೇಬ ಪೆನ್ನಿನ ಟೊಪ್ಪಿಗಿ ಮುಚ್ಚಿದ. ಕಡೀಕ ಮಗಳಿಗಿ ಹೇಳಿದ. ‘ಎರಡ ದಾರಿ ಐತಮ್ಮಾ. ಬಂದೂಕ ನಮ್ಮದಂತ ಜಗಳಾ ಮಾಡಿದ್ರ ನಂಬರ್ ಅಳಿಸಿದ ಕೇಸು ನಿನ್ನ ಮ್ಯಾಲ ಬರತೈತಿ, ಲೈಸನ್ಸು ಧಣಿ ನೀನ. ಇಲ್ಲಾ, ಬ್ಯಾಡ ಅಂತ ಬರದು ಕೊಟ್ಟು ಬಿಡು. ಲೈಸನ್ಸು ಉಳೀತೈತಿ. ನಮ್ಮ ದೇಶದ್ದು ಹೊಸದು ತಗೋಳಾಕ ಅರ್ಜಿ ಹಾಕು.’

‘ಹೊಸದು ಯಾವಾಗ ಸಿಗತೈತ್ರಿ ಸರ್?’

‘ಅದು ನನ್ನ ಕೈಯಾಗ ಇಲ್ಲ.’

‘ಇದನ್ನ ಏನು ಮಾಡತೀರಿ?’

‘ಕತ್ತರಿಸ್ತಾರ.’

ಮಗಳು ನನ್ನ ಕಡೆ ನೋಡಲಿಲ್ಲ. ಸಹಿ ಮಾಡಿದ್ಲು. ಅಕಿ ಅಪ್ಪನ ಹಂಗ ದಪ್ಪ ಅಕ್ಷರದಾಗ, ಸಾವಕಾಶ. ನಾ ಎದ್ದು ಬಂದೂಕಿನ ಮ್ಯಾಲ ಉಳದಿದ್ದ ಕುಂಕುಮ ಸೆರಗಿನಿಂದ ಒರಸಿ ಹಾಕಿದೆ. ಕತ್ತರಸೂ ಮಾಲಿನ ಮ್ಯಾಲ ಕುಂಕುಮ ಇರಬಾರದು. ‘ಮತ್ತ ತಿಕ್ಕಾಕತ್ತಿಯೇನ ಬೇ?’ ಅಂದ ಕಾರಕೂನ. ಅಂವಗ ನಾ ಅಂದದ್ದನ್ನ ಇಲ್ಲಿ ಬರಿಯೂದಿಲ್ಲ.

ಹೊರಗ ಬಂದ ಮ್ಯಾಲ ಮಗಳು ಮಾತಾಡಿದ್ಲು. ‘ನನ್ನ ನೌಕರಿ ಬೇ ಅದು. ನಿಂದಲ್ಲ ಕೊಡಾಕ.’

ಖರೆ ಮಾತು. ಮುದುಕ ಬಸ್‌ಸ್ಟ್ಯಾಂಡಿನಾಗ ಅಕಿಗಿ ಬಾಳೆಹಣ್ಣು ಕೊಡಿಸಾಕ ಹೋದ, ಅಕಿ ತಗೋಳಲಿಲ್ಲ. ನಾ ತಗೊಂಡೆ. ಹಣ್ಣೇನು ಮಾಡಿತ್ತು?

ದೀಪಾವಳಿ ಆದ ಮ್ಯಾಲ ಏಜೆನ್ಸಿಯವ ಮಾತು ಉಳಿಸಿಕೊಂಡ. ಬಬಲೇಶ್ವರದ ಬಾಗಲಿಗಿ ಬಂದೂಕ ಇದ್ದಾಂವನ್ನ ತಂದ. ಮಗಳನ್ನ ಪೂರಾ ಬಿಡಿಸಲಿಲ್ಲ, ವಾಚಮನ್ ಮಾಡಿ ಅಲ್ಲೇ ಇಟ್ಟ. ಹೊಸ ಬಂದೂಕಿಗಿ ಹಾಕಿದ ಅರ್ಜಿ ಎಲ್ಲೈತೋ ಗೊತ್ತಿಲ್ಲ. ಕೇಳಿದಾಗೊಮ್ಮೆ ಮ್ಯಾಲ ಹೋಗೈತಿ ಅಂತಾರ. ಎಷ್ಟು ಮ್ಯಾಲ ಅಂತ ಹೇಳೂದಿಲ್ಲ. ಬಸ್ಸಿನಾಗ ಯಾರೂ ಈಗ ಜಾಗಾ ಬಿಡೂದಿಲ್ಲ. ಬಡಿಗಿ ಹಿಡಕೊಂಡು ನಿಂತ ಹೋಗತಾಳ.

ಮೊನ್ನೆ ನಾ ಬಬಲೇಶ್ವರಕ್ಕ ಹೋದೆ. ಗಂಡನ ಪೆನ್ಶನ್ ಇಲ್ಲೇ ಊರಾಗ ತಗೀಬಹುದು, ಬೇಕಂತ ಅಲ್ಲಿಗಿ ಹೋದೆ. ಬಾಗಲಾಗ ಎಡಕ್ಕ ಆಂವ ಕುರ್ಚಿ ಮ್ಯಾಲ, ಬಲಕ್ಕ ನನ್ನ ಮಗಳು ಸ್ಟೂಲಿನ ಮ್ಯಾಲ. ಆಂವ ನನ್ನ ವಾರಿಗಿಯಂವ, ಮೀಸಿ ಬೆಳ್ಳಗ. ಬಂದೂಕ ತೊಡಿ ಮ್ಯಾಲ ಅಡ್ಡ ಹಾಕ್ಕೊಂಡು ತೂಕಡಸಾಕತ್ತಿದ್ದ.

‘ಯಪ್ಪಾ’ ಅಂತ ಎಬ್ಬಿಸಿದೆ. ‘ಕಾಡತೂಸ ಅದಾವೇನು?’

ಕಣ್ಣು ತಿಕ್ಕಿದ. ‘ಅದಾವ ಬೇ, ಹಳೇವು. ಹಾರತಾವೋ ಇಲ್ಲೋ ದೇವರಿಗಿ ಗೊತ್ತು.’

‘ಹಾರಿಸಿದ್ರ ಖಾಲಿ ಕಾಡತೂಸ ಹೊರಗ ಬರತೈತೇನು?’

‘ಒಂದೊಂದು ಸಲ ಸಿಕ್ಕೋತೈತಿ. ಯಾಕ ಬೇ, ಬ್ಯಾಂಕ್ ಲೂಟಿ ಮಾಡಾಕಿ ಏನು?’

‘ನಂಬರ ಐತಿ?’

‘ನಂಬರ್ ಐತಿ’ ಅಂದು ತಿರುವಿ ತೋರಿಸಿದ. ಎತ್ತಿನ ಮೈಗಿ ಬರಿ ಕೊಟ್ಟಂಗ ದಪ್ಪಗ ಹೊಡದಿದ್ರು. ನನ್ನ ಕಣ್ಣಿಗೂ ಕಾಣಿಸಿತು.

‘ಮನ್ಯಾಗ ಹೆಂಡತಿ ಅದಾಳೇನು?’

‘ಅದಾಳ. ಯಾಕ?’

‘ಈ ಸಲ ಮಾನೌಮಿಗಿ ಇದನ್ನ ತಿಕ್ಕಬ್ಯಾಡ ಅಂತ ಹೇಳು ಅಕಿಗಿ. ಕಳ್ಳ ಬಂದ್ರ ಇದ ನಂಬರ ತೋರಿಸಿ ಓಡಸಬೇಕು ನೀ.’

ಆಂವಗ ತಿಳೀಲಿಲ್ಲ. ಮಗಳಿಗಿ ತಿಳೀತು. ಸಹಿ ಮಾಡಿದ ದಿನದಿಂದ ನನ್ನ ಕೂಡ ನೆಟ್ಟಗ ಮಾತಾಡಿದ್ದಿಲ್ಲ ಅಕಿ. ಬಡಿಗಿ ಗ್ವಾಡಿಗಿ ಆನಿಸಿ, ನನ್ನ ರಟ್ಟಿ ಹಿಡದು ಒಳಗ ಸರತ್ಯಾಗ ನಿಲ್ಲಿಸಿದ್ಲು.

‘ಪೆನ್ಶನ್ ತಗೊಂಡು ಮನಿಗಿ ನಡಿ ಬೇ’ ಅಂದ್ಲು. ‘ಇರೂ ಸ್ಟೂಲೂ ಕಳೀತಿ ನೀ.’